ಬೂದಿಯ ವಯಸ್ಸು ಕೇಳುವ ಮೊದಲು

ಹಂಪಿಯ ಬಂಡೆಗಳಿಗೆ ಎಷ್ಟು ವಯಸ್ಸು? ಕಳೆದ ಒಂದು ತಿಂಗಳಲ್ಲಿ ನನ್ನ ಫೋನಿಗೆ ಬಂದ ರೀಲುಗಳನ್ನು ನಂಬುವುದಾದರೆ ಉತ್ತರ ಮೂರು. ಒಬ್ಬರ ಪ್ರಕಾರ ಐದು ಲಕ್ಷ ವರ್ಷ. ಇನ್ನೊಬ್ಬರ ಪ್ರಕಾರ 400 ಕೋಟಿ. ಮೂರನೆಯವರು ಸಂಖ್ಯೆಯ ಗೋಜಿಗೇ ಹೋಗದೆ, ಜ್ವಾಲಾಮುಖಿ ಸಿಡಿದು ಬಂಡೆಗಳು ಮೇಲಿಂದ ಉದುರಿದವು ಅಂತ ಹೇಳಿ, ಹಿನ್ನೆಲೆಗೆ ಡ್ರಮ್ಮು ಹಾಕಿ ಮುಗಿಸಿದ್ದಾರೆ. ಮೂರಕ್ಕೂ ಲೈಕುಗಳ ಸುರಿಮಳೆ. ಕೆಳಗೆ ಬೆಂಕಿ, ಹೃದಯ, ಕೈ ಮುಗಿಯುವ ಎಮೋಜಿ. ‘ಹೇಗೆ ಗೊತ್ತು?’ ಅಂತ ಕೇಳಿದ ಒಬ್ಬನೇ ಒಬ್ಬ ಪುಣ್ಯಾತ್ಮ ಕಾಣಲಿಲ್ಲ.

ಇದೇ ನಾವು ಆಫೀಸಿನಲ್ಲಿ ಹೇಗಿರ್ತೀವಿ ನೋಡಿ. ಮ್ಯಾನೇಜರ್ ಒಂದು ಸಂಖ್ಯೆ ಹೇಳಿದರೆ ಡ್ಯಾಶ್‌ಬೋರ್ಡ್ ಎಲ್ಲಿ ಅಂತ ಕೇಳ್ತೀವಿ. ಫ್ಲಾಟ್ ಕೊಳ್ಳುವಾಗ ಮೂವತ್ತು ವರ್ಷದ ದಾಖಲೆ ತೆಗೆಸ್ತೀವಿ. ಸರ್ವರ್ ಬಿದ್ದರೆ ಮೊದಲು ಲಾಗ್ ತೆಗೆಯಿರಿ, ಆಮೇಲೆ ಮಾತು ಅಂತೀವಿ. ಆದರೆ ಕಾರು ಹೊಸಪೇಟೆ ದಾಟಿದ ತಕ್ಷಣ ಈ ಬುದ್ಧಿಯೆಲ್ಲ ಎಲ್ಲಿ ಇಳಿದುಹೋಗುತ್ತದೋ! ದೊಡ್ಡ ಸಂಖ್ಯೆ ಕೇಳಿದರೆ ಸಾಕು, ರೋಮಾಂಚನ.

ಸಂಖ್ಯೆ ತಪ್ಪು ಅನ್ನುವುದು ನನ್ನ ಮುಖ್ಯ ತಕರಾರಲ್ಲ. ತಪ್ಪು ಸಂಖ್ಯೆಯನ್ನು ನಾಳೆ ತಿದ್ದಬಹುದು. ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳದ ಜನ, ಸಂಖ್ಯೆ ಬಂದ ಜಾಗವನ್ನು ಜೆಸಿಬಿ ಎತ್ತಿಕೊಂಡು ಹೋದಾಗಲೂ ಕೇಳುವುದಿಲ್ಲ. ಅದನ್ನು ತಿದ್ದಲು ಆಗುವುದಿಲ್ಲ. ನನ್ನ ಜಗಳ ಅಲ್ಲಿದೆ.

ಮೊದಲು ಆ ಜ್ವಾಲಾಮುಖಿಯ ವಿಷಯ ಮುಗಿಸೋಣ. ಹಂಪಿಯ ಬಂಡೆಗಳು ಗ್ರಾನೈಟ್. ನೆಲದೊಳಗೆ ಬಹಳ ಆಳದಲ್ಲಿ ನಿಧಾನವಾಗಿ ತಣಿದ ಕಲ್ಲು. ವಯಸ್ಸು 250 ಕೋಟಿ ವರ್ಷದ ಆಸುಪಾಸು. ಮೇಲಿನ ಪದರಗಳು ಸವೆದುಹೋದ ಮೇಲೆ ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಕರಗಿ, ಚೌಕದ ಬಂಡೆ ಉರುಟಾಯಿತು. ಯಾರೂ ಎಸೆದದ್ದಲ್ಲ, ಎಲ್ಲಿಂದಲೂ ಉದುರಿದ್ದಲ್ಲ. ಇದ್ದಲ್ಲೇ ಸವೆದದ್ದು.

ನಿಜವಾದ ಜ್ವಾಲಾಮುಖಿ ಬೇಕಿದ್ದರೆ ಅಲ್ಲಿಂದ ದಕ್ಷಿಣಕ್ಕೆ ಸಂಡೂರಿಗೆ ಹೋಗಿ. ಅಲ್ಲಿನ ಬೆಟ್ಟಸಾಲು ಸಮುದ್ರದ ತಳದ ಕೆಸರು, ಕಬ್ಬಿಣದ ಪದರ, ಲಾವಾ, ಬೂದಿ ಎಲ್ಲ ಒಂದರ ಮೇಲೊಂದು ಕೂತು, ಆಮೇಲೆ ಮಡಚಿಕೊಂಡು ಎದ್ದು ನಿಂತದ್ದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಜಿಲ್ಲೆಯನ್ನೆಲ್ಲ ಸುತ್ತಿ 1895ರಲ್ಲಿ ಬಳ್ಳಾರಿಯ ಭೂವಿಜ್ಞಾನದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಇಂಥ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವನೂ ಅವನೇ. ಆದರೆ ಎಷ್ಟು ವರ್ಷ ಅನ್ನುವುದು ಅವನಿಗೆ ಗೊತ್ತಾಗುವ ದಾರಿಯಿರಲಿಲ್ಲ. ಯಾವುದು ಕೆಳಗೆ, ಯಾವುದು ಮೇಲೆ ಅಂತ ಹೇಳಬಹುದಿತ್ತು, ಅಷ್ಟೇ. ವಯಸ್ಸು ಹೇಳಲು ಕಲ್ಲಿನೊಳಗೇ ಒಂದು ಗಡಿಯಾರ ಬೇಕಿತ್ತು.

ಆ ಗಡಿಯಾರ ಜಿರ್ಕಾನ್ ಎಂಬ ಹರಳು. ಮರಳಿನ ಕಾಳಿಗಿಂತ ಸಣ್ಣದು. ಜ್ವಾಲಾಮುಖಿಯ ಕುದಿಯುವ ರಸದಲ್ಲಿ ಹುಟ್ಟುವಾಗ ಇದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಆಮೇಲೆ ಯುರೇನಿಯಂ ಒಂದೇ ಲಯದಲ್ಲಿ ಸೀಸವಾಗುತ್ತ ಹೋಗುತ್ತದೆ. ಅರ್ಧದಷ್ಟು ಯುರೇನಿಯಂ-238 ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನಲ್ಲಿ ಈಗ ಇರುವ ಸೀಸ ಎಷ್ಟು, ಯುರೇನಿಯಂ ಎಷ್ಟು ಅಂತ ಅಳೆದರೆ ಹುಟ್ಟಿದ ಕಾಲ ಸಿಗುತ್ತದೆ. 1996ರಲ್ಲಿ ಅಲನ್ ನಟ್‌ಮನ್, ವಿ. ಎನ್. ವಾಸುದೇವ್ ಮತ್ತು ಜೊತೆಗಾರರು ಸಂಡೂರಿನ ಜ್ವಾಲಾಮುಖಿ ಶಿಲೆಯ ಜಿರ್ಕಾನ್ ಅಳೆದು ಪ್ರಕಟಿಸಿದ ವಯಸ್ಸು ಸುಮಾರು 266 ಕೋಟಿ ವರ್ಷ, ಹೆಚ್ಚುಕಡಿಮೆ ಒಂದೂವರೆ ಕೋಟಿ. ಆ ‘ಹೆಚ್ಚುಕಡಿಮೆ’ಯನ್ನು ಗಮನಿಸಿ. ರೀಲಿನಲ್ಲಿ ಅದು ಇರುವುದಿಲ್ಲ. ತನ್ನ ತಪ್ಪಿನ ಅಳತೆಯನ್ನೂ ಜೊತೆಗೇ ಹೇಳುವ ಸಂಖ್ಯೆಯನ್ನು ಮಾತ್ರ ನಂಬಬೇಕು ಅನ್ನುವುದು ನನ್ನ ಪಾಲಿಸಿ.

ಇಷ್ಟು ಹೇಳಿದರೆ ವಾಟ್ಸಾಪಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ: “ಇದೆಲ್ಲ ಸುತ್ತು ಹಾಕುವ ಲೆಕ್ಕ ಸಾರ್. ಪಳೆಯುಳಿಕೆ ನೋಡಿ ಕಲ್ಲಿನ ವಯಸ್ಸು ಹೇಳ್ತಾರೆ, ಕಲ್ಲು ನೋಡಿ ಪಳೆಯುಳಿಕೆಯ ವಯಸ್ಸು ಹೇಳ್ತಾರೆ.” ಕೇಳಲು ಜಾಣತನದ ಮಾತು. ನಿಜವಾಗಿದ್ದರೆ ದೊಡ್ಡ ಮೋಸವೇ. ಆದರೆ ಆ ಸುತ್ತನ್ನು ಕತ್ತರಿಸುವ ಕೆಲಸವನ್ನೇ ಜ್ವಾಲಾಮುಖಿಯ ಬೂದಿ ಮಾಡುವುದು. ಬೂದಿ ಕೆಲವೇ ದಿನ, ವಾರಗಳಲ್ಲಿ ಸಾವಿರಾರು ಕಿಲೋಮೀಟರ್ ಹರಡಿ ಕೂರುತ್ತದೆ. ಅದರೊಳಗಿನ ಹರಳಿಗೆ ಪಳೆಯುಳಿಕೆಯ ಹಂಗಿಲ್ಲ, ತನ್ನದೇ ಗಡಿಯಾರವಿದೆ. ಒಂದು ಕೆಸರಿನ ಪದರದಲ್ಲಿ ಪರಾಗ ಸಿಕ್ಕಿತು ಅನ್ನಿ. ಮೇಲೊಂದು ಬೂದಿ, ಕೆಳಗೊಂದು ಬೂದಿ ಇದ್ದರೆ, ಪರಾಗ ಆ ಎರಡರ ನಡುವಿನ ಕಾಲದ್ದು. ಅದೇ ಜಾತಿಯ ಪರಾಗ ನೂರು ಕಿಲೋಮೀಟರ್ ಆಚೆ ಬೂದಿಯಿಲ್ಲದ ಕೆಸರಿನಲ್ಲಿ ಸಿಕ್ಕಾಗ ಅದರ ಕಾಲವನ್ನು ಅಂದಾಜಿಸಬಹುದು. ಬೂದಿ ದಿನಾಂಕ ಕೊಡುತ್ತದೆ, ಪರಾಗ ಆ ದಿನಾಂಕವನ್ನು ಊರೂರಿಗೆ ಹೊತ್ತೊಯ್ಯುತ್ತದೆ.

ಹಾಗಾದರೆ ಸಂಡೂರಿನ ಕಲ್ಲಿನಲ್ಲಿ ಪರಾಗ ಹುಡುಕಬಹುದಾ? ಹುಡುಕಬಹುದು, ಸಿಗಬಾರದು. ನೆಲದ ಮೇಲಿನ ಸಸ್ಯಗಳ ಬೀಜಾಣು ಕಾಣಿಸುವುದೇ ಸುಮಾರು 47 ಕೋಟಿ ವರ್ಷದ ಈಚೆಗೆ. ಹೂಬಿಡುವ ಗಿಡಗಳ ಪರಾಗ 13 ಕೋಟಿ ವರ್ಷದ ಈಚೆಗೆ. 266 ಕೋಟಿ ವರ್ಷದ ಹಿಂದೆ ಸಂಡೂರಿನಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ದೋಣಿಮಲೈ ಶಿಲೆಗಳಲ್ಲಿ ಸಿಕ್ಕ ಅಂಥ ಸೂಕ್ಷ್ಮಜೀವಿಗಳ ಕುರುಹಿನ ಬಗ್ಗೆ ಬಿ. ಎಸ್. ವೆಂಕಟಾಚಲ ಮತ್ತು ಸಂಗಡಿಗರು 1990ರಲ್ಲಿ ಬರೆದರು. ಅದೇ ಕಲ್ಲಿನಲ್ಲಿ ನಾಳೆ ಯಾರಾದರೂ ಹುಲ್ಲಿನ ಪರಾಗ ಸಿಕ್ಕಿತು ಅಂದರೆ ಇತಿಹಾಸ ಬದಲಾಗುವುದಿಲ್ಲ. ಗಾಳಿಯಲ್ಲಿ ಬಂದು ಬಿರುಕಿನೊಳಗೆ ಕೂತದ್ದು, ಇಲ್ಲಾ ಲ್ಯಾಬಿನ ಕಿಟಕಿ ತೆರೆದಿತ್ತು ಅಂತ ಅರ್ಥ.

ತಮಾಷೆಯಲ್ಲ, ಇದು ಬಹಳ ದೊಡ್ಡವರನ್ನೂ ಬೀಳಿಸಿದೆ. 1940ರ ದಶಕದಲ್ಲಿ ಬೀರಬಲ್ ಸಾಹ್ನಿ, ಈ ದೇಶದ ಪಳೆಯುಳಿಕೆ ಸಸ್ಯವಿಜ್ಞಾನಕ್ಕೆ ತಂದೆಯಂಥವರು, ಪಂಜಾಬಿನ ಉಪ್ಪಿನ ಬೆಟ್ಟಗಳ ಕಲ್ಲುಪ್ಪಿನಲ್ಲಿ ಮರದ ಚೂರು, ಕೀಟದ ಚೂರು ಕಂಡರು. ಹಾಗಾದರೆ ಈ ಉಪ್ಪು ತೀರಾ ಈಚಿನದು, ಸುಮಾರು ಐದು ಕೋಟಿ ವರ್ಷದ್ದು ಅಂತ ವಾದಿಸಿದರು. ಬೆಟ್ಟ ಹತ್ತಿ ಇಳಿದಿದ್ದ ಭೂವಿಜ್ಞಾನಿಗಳು ಒಪ್ಪಲಿಲ್ಲ. ಉಪ್ಪಿನ ಮೇಲಿನ ಪದರದಲ್ಲೇ ಟ್ರೈಲೋಬೈಟ್ ಇದೆಯಲ್ಲ ಸ್ವಾಮಿ, ಕೆಳಗಿನದು ಅದಕ್ಕಿಂತ ಹಳೆಯದಾಗಿರಲೇಬೇಕು ಅಂದರು. ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ ಗೆದ್ದದ್ದು ಪದರ. ಉಪ್ಪು 50 ಕೋಟಿ ವರ್ಷಕ್ಕಿಂತ ಹಳೆಯದು ಅನ್ನುವುದು ಇವತ್ತಿನ ಒಪ್ಪಿತ ಮಾತು. ಆ ಚೂರುಗಳು ಹೊರಗಿನಿಂದ ಸೇರಿದವು. ಇದರಿಂದ ಸಾಹ್ನಿ ಸಣ್ಣವರಾಗಲಿಲ್ಲ. ದೊಡ್ಡವರ ಹೆಸರಿನ ಮೇಲೆ ವಯಸ್ಸು ನಿಲ್ಲುವುದಿಲ್ಲ, ಪದರದ ಮೇಲೆ ನಿಲ್ಲುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ಬೂದಿಗೆ ಬನ್ನಿ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ನಿಂಬಾಪುರ ಅಂತ ಊರಿದೆ. ಅಲ್ಲಿ ಒಂದು ಬೂದಿ ದಿಬ್ಬ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಜಾಗ ಅದು ಅಂತ ಊರಿನವರ ನಂಬಿಕೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಕುಡತಿನಿ ಸಿಗುತ್ತದೆ. ಅಲ್ಲಿನ ದೊಡ್ಡ ಬೂದಿ ದಿಬ್ಬ, ಭೀಮ ಕೊಂದ ಹಿಡಿಂಬಾಸುರನ ಚಿತೆ ಅಂತ ಹೇಳಿಕೆ. 19ನೇ ಶತಮಾನದ ಮೊದಲ ಭಾಗದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಇವುಗಳ ಬಗ್ಗೆ ಬರೆದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ವಾದ ನಡೆಯಿತು. ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ ನೋಡಿ ಜ್ವಾಲಾಮುಖಿಯದೇ ಅಂದವರಿದ್ದರು, ಕಬ್ಬಿಣ ಕರಗಿಸಿದ ಕುಲುಮೆ ಅಂದವರಿದ್ದರು, ಸಾಮೂಹಿಕ ಚಿತೆ ಅಂದವರೂ ಇದ್ದರು.

ಉತ್ತರ ಕೊಟ್ಟದ್ದು ಮತ್ತೆ ಪದರವೇ. ಇದು ಸಗಣಿ ಸುಟ್ಟ ಬೂದಿ ಇರಬೇಕು ಅಂತ ಫೂಟ್ ಆಗಲೇ ಊಹಿಸಿದ್ದ. 1957ರಲ್ಲಿ ರಾಯಚೂರಿನ ಆಚೆ, ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಬೂದಿ ದಿಬ್ಬ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ಅದು ದನದ ದೊಡ್ಡಿ! 1960ರ ಆಸುಪಾಸಿನಲ್ಲಿ ಲಂಡನ್ನಿನ ಫ್ರೆಡರಿಕ್ ಝ್ಯೂನರ್ ಬಳ್ಳಾರಿಯ ಕಿಟ್ಟವನ್ನು ಪರೀಕ್ಷಿಸಿ ಸುಟ್ಟ ಸಗಣಿಯೇ ಅಂತ ತೋರಿಸಿದರು. ಆಮೇಲೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ವರ್ಷಗಟ್ಟಲೆ ಅಗೆದು, ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದದ್ದನ್ನು ತೋರಿಸಿದರು. ಇದ್ದಿಲಿನ ಕಾರ್ಬನ್ ಅಳೆದಾಗ ಕಾಲ ಕ್ರಿಸ್ತಪೂರ್ವ ಮೂರನೇ, ಎರಡನೇ ಸಹಸ್ರಮಾನ. ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದೆ ಈ ಸೀಮೆಯ ದನಗಾಹಿಗಳು ಸಗಣಿ ಗುಡ್ಡೆ ಹಾಕಿ, ಮತ್ತೆ ಮತ್ತೆ ಬೆಂಕಿ ಕೊಟ್ಟು, ಬೆಟ್ಟದಂಥ ದಿಬ್ಬ ಕಟ್ಟಿದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಅದೇ ಜನರ ಊರು ಅಗೆದಾಗ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿವೆ. ಬೆಂಗಳೂರಿನ ಸಿರಿಧಾನ್ಯ ಮೇಳದಲ್ಲಿ ನಾವು ಬೆಲೆ ಕೇಳಿ ಹುಬ್ಬೇರಿಸುವ ಅದೇ ಕೊರಲೆ.

ಇದರಲ್ಲಿ ವಾಲಿಗೆ ಏನೂ ಅವಮಾನ ಇಲ್ಲ. ಕಥೆ ಕಾಲವನ್ನು ಹೇಳುವುದಿಲ್ಲ, ಅದರ ಕೆಲಸ ಬೇರೆ. ಆದರೆ ಒಂದು ಮಾತು ಒಪ್ಪಲೇಬೇಕು: ‘ಇದು ವಾಲಿಯ ಚಿತೆ’ ಅಂದಾಗ ದಿಬ್ಬಕ್ಕೆ ಒಂದು ಮರ್ಯಾದೆಯಿತ್ತು. ‘ಇದು ಬರೀ ಸಗಣಿ ಬೂದಿ’ ಅಂತ ಗೊತ್ತಾದ ಮೇಲೆ ಮರ್ಯಾದೆ ಹೋಯಿತು, ಗೊಬ್ಬರ ಅನ್ನುವ ಬೆಲೆ ಮಾತ್ರ ಉಳಿಯಿತು. ನಂಬಿಕೆಯನ್ನು ತೆಗೆದ ನಾವು ಅದರ ಜಾಗದಲ್ಲಿ ಕುತೂಹಲವನ್ನು ಇಡಬೇಕಿತ್ತು, ಇಡಲಿಲ್ಲ. ಇದು ನಮ್ಮಂಥ ಓದಿದವರ ಸೋಲು, ಊರಿನವರದ್ದಲ್ಲ.

ಅಸಲಿ ಜ್ವಾಲಾಮುಖಿ ಬೂದಿಯೂ ಈ ಸೀಮೆಗೆ ದೂರವಿಲ್ಲ. ಬಳ್ಳಾರಿಯಿಂದ ಪೂರ್ವಕ್ಕೆ, ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂನಲ್ಲಿ ಮಣ್ಣಿನ ನಡುವೆ ಬಿಳಿ ಬೂದಿಯ ದಪ್ಪ ಪದರವಿದೆ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಸಮುದ್ರ ದಾಟಿ ಬಂದದ್ದು. ಗಾಜಿನ ಕಣಗಳ ರಾಸಾಯನಿಕ ಗುರುತು ಹೋಲಿಸಿದಾಗ ಹೊಂದಿಕೆಯಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕಲ್ ಪೆಟ್ರಾಗ್ಲಿಯಾ ಮತ್ತು ಅವರ ತಂಡ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇಷ್ಟು: ಬೂದಿಯ ಕೆಳಗೂ ಕಲ್ಲಿನ ಆಯುಧ ಇವೆ, ಮೇಲೂ ಇವೆ, ಎರಡೂ ಒಂದೇ ಬಗೆಯವು. ತೋಬಾದಿಂದ ಮನುಷ್ಯಕುಲವೇ ಅಳಿವಿನಂಚಿಗೆ ಬಂತು ಅನ್ನುವ ವಾದಕ್ಕೆ ಇದು ದೊಡ್ಡ ಸವಾಲು. ಆ ವಾದ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಮುಗಿಯಬೇಕಾದರೆ ಪದರ ಇರಬೇಕು. ಅದೇ ಬೂದಿಯನ್ನು ಅಗೆದು ತೊಳೆಯುವ ಪುಡಿಗಾಗಿ ಮಾರಿದ್ದೂ ಉಂಟು. 74,000 ವರ್ಷದ ಸಾಕ್ಷಿ, ನಮ್ಮ ಸಿಂಕಿನಲ್ಲಿ ನೊರೆ.

ಇನ್ನು ಪರಾಗ. ಹಂಪಿಗೆ ಹೋದವರೆಲ್ಲ ಕಮಲಾಪುರದ ಕೆರೆಯ ಏರಿಯ ಮೇಲೆ ಹಾದುಹೋಗುತ್ತಾರೆ. ತುಂಗಭದ್ರೆಯ ನೀರು ರಾಯ ಕಾಲುವೆಯಲ್ಲಿ ಬಂದು ತುಂಬುವ ವಿಜಯನಗರ ಕಾಲದ ಕೆರೆ. ಅಮೆರಿಕದ ಕ್ಯಾಥ್ಲೀನ್ ಮಾರಿಸನ್ ಈ ಕೆರೆಯ ತಳದ ಹೂಳಿನಲ್ಲಿ ಪರಾಗ ಮತ್ತು ಇದ್ದಿಲಿನ ಸೂಕ್ಷ್ಮ ಕಣಗಳನ್ನು ಎಣಿಸಿ, ಸುಮಾರು 600 ವರ್ಷದ ಬೆಂಕಿ ಮತ್ತು ಬೇಸಾಯದ ಕಥೆಯನ್ನು 1990ರ ದಶಕದಲ್ಲಿ ಬರೆದರು. ಶಾಸನದಲ್ಲಿ ರಾಜನ ದಾನ ಇರುತ್ತದೆ. ಯಾವ ವರ್ಷ ಹೊಲ ಬೀಳು ಬಿತ್ತು, ಯಾವಾಗ ಗುಡ್ಡ ಸುಟ್ಟರು ಅನ್ನುವುದು ಹೂಳಿನಲ್ಲಿ ಇರುತ್ತದೆ.

ಪರಾಗಕ್ಕೆ ಮಿತಿ ಇಲ್ಲವೇ? ಧಾರಾಳವಾಗಿ ಇದೆ. ಹೊರಗವಚ ಎಷ್ಟು ಗಟ್ಟಿಯೆಂದರೆ ಆಸಿಡ್ಡಿಗೂ ಬಗ್ಗುವುದಿಲ್ಲ, ಆದರೆ ಭತ್ತದ ಪರಾಗವೂ ಹುಲ್ಲಿನ ಪರಾಗವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕಂಪ್ಲಿಯ ಕಾಲುವೆ ಕೆಳಗೆ ಯಾವ ಕಾಲದಲ್ಲಿ ಎಷ್ಟು ಭತ್ತ ಇತ್ತು ಅಂತ ಪರಾಗವೊಂದನ್ನೇ ನೋಡಿ ಹೇಳುವುದು ಕಷ್ಟ. ಪರಾಗ ತಾನಾಗಿ ವರ್ಷವನ್ನೂ ಹೇಳುವುದಿಲ್ಲ, ‘ಇದರ ಹಿಂದಿನದಲ್ಲ’ ಅಂತ ಮಾತ್ರ ಹೇಳುತ್ತದೆ. ಉದಾಹರಣೆಗೆ ಕಾಂಗ್ರೆಸ್ ಗಿಡ. ನಮಗೆಲ್ಲ ಸೀನು ತರಿಸುವ ಈ ಪಾರ್ಥೇನಿಯಂ ದೇಶದ ತುಂಬ ಹಬ್ಬಿದ್ದು 1950ರ ದಶಕದ ನಂತರ. ಯಾವುದಾದರೂ ಕೆರೆಯ ಹೂಳಿನಲ್ಲಿ ಅದರ ಪರಾಗ ದಟ್ಟವಾಗಿ ಸಿಕ್ಕರೆ, ಆ ಪದರ ನಿಮ್ಮ ಅಜ್ಜನ ಮದುವೆಯ ಕಾಲದ್ದೋ ಅದರ ಈಚಿನದೋ ಆಗಿರಬೇಕು. ಅದಕ್ಕೆ ಕಾರ್ಬನ್ ಜೋಡಿಸಿ, ಬೂದಿ ಇದ್ದರೆ ಬೂದಿ ಜೋಡಿಸಿ, ಮೇಲೆ ಕೆಳಗೆ ಏನಿದೆ ಅಂತ ನೋಡಿ, ಆಮೇಲೆ ಬಾಯಿ ಬಿಡಬೇಕು.

ಗಮನಿಸಿದಿರಾ? ಜಿರ್ಕಾನ್ ಇರಲಿ, ಗೊರಸಿನ ಗುರುತಿರಲಿ, ಪರಾಗವಿರಲಿ, ಎಲ್ಲವೂ ಕೆಲಸ ಮಾಡುವುದು ಪದರ ಕದಡದೆ ಇದ್ದಾಗ ಮಾತ್ರ. ಲೋಡರಿನ ಬಕೆಟ್ ಒಮ್ಮೆ ತುಂಬಿ ಸುರಿದರೆ ಮೇಲಿನದು ಕೆಳಗಾಯಿತು, ಕೆಳಗಿನದು ಮೇಲಾಯಿತು. ಜಗತ್ತಿನ ಅತಿ ದುಬಾರಿ ಯಂತ್ರವೂ ಆಮೇಲೆ ಅದನ್ನು ಓದಲಾರದು. ಐಟಿ ಭಾಷೆಯಲ್ಲಿ ಹೇಳುವುದಾದರೆ ಇದು ಬ್ಯಾಕಪ್ ಇಲ್ಲದ ಲಾಗ್ ಫೈಲು, ನಾವು ಡಿಲೀಟ್ ಒತ್ತುತ್ತಿದ್ದೇವೆ. ಸಂಗನಕಲ್ಲಿನ ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕೊರೆದ ಗೂಳಿಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ಮೊಳಗುವ ಬಂಡೆಗಳಿವೆ. ಅದೇ ಗುಡ್ಡಕ್ಕೆ ಕ್ವಾರಿಯೂ ಬಾಯಿ ಹಾಕಿತು. ಜಲ್ಲಿಗಾಗಿ!

ಈಗ ನೀವು ಕೇಳಬಹುದು: “ಹಾಗಾದರೆ ಗಣಿ ಮುಚ್ಚಬೇಕಾ? ಕೆರೆಯ ಹೂಳು ಎತ್ತಬಾರದಾ? ನೀವು ಕೂತಿರುವ ಅಪಾರ್ಟ್‌ಮೆಂಟಿನ ಕಬ್ಬಿಣ ಎಲ್ಲಿಂದ ಬಂತು?” ನ್ಯಾಯವಾದ ಪ್ರಶ್ನೆ. ಸಂಡೂರಿನ ಅದಿರು ನನ್ನ ಮನೆಯ ತಾರಸಿಯಲ್ಲೂ ಇರಬಹುದು. ಗಣಿಯಿಂದ ಊಟ ಮಾಡುವ ಮನೆಗಳು ಅಲ್ಲಿ ಸಾವಿರಾರು ಇವೆ. ತುಂಗಭದ್ರಾ ಅಣೆಕಟ್ಟೆಯೇ ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿರುವಾಗ ಹೂಳು ಮುಟ್ಟಬೇಡಿ ಅನ್ನುವುದು ಬೆಂಗಳೂರಿನ ಎಸಿ ರೂಮಿನ ಮಾತಾಗುತ್ತದೆ. ಹೂಳು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ಬುದ್ಧಿವಂತಿಕೆ.

ನಾನು ಕೇಳುತ್ತಿರುವುದು ನಿಲ್ಲಿಸಿ ಅಂತಲ್ಲ. ತೆಗೆಯುವ ಮೊದಲು ಓದಿಕೊಳ್ಳಿ ಅಂತ. ಹಳೆಯ ಕೆರೆಯ ಹೂಳು ಎತ್ತುವ ಮೊದಲು ಒಂದು ಕೊಳವೆ ಇಳಿಸಿ, ತಳದವರೆಗಿನ ಮಣ್ಣಿನ ಕಂಬ ತೆಗೆದು ಹತ್ತಿರದ ವಿಶ್ವವಿದ್ಯಾಲಯಕ್ಕೆ ಕೊಡಲು ಎಷ್ಟು ಖರ್ಚಾದೀತು? ಟೆಂಡರಿನ ಮೊತ್ತದ ಮುಂದೆ ಅದು ಚಿಲ್ಲರೆ. ಗಣಿಯ ಹೊಸ ಮುಖ ತೆರೆದಾಗ ಬೂದಿಯ ಪದರ ಕಂಡರೆ ಒಂದಾಳಿನ ಗೋಡೆ ಬಿಡುವುದು, ಫೋಟೋ ತೆಗೆದು, ಮಾದರಿ ಎತ್ತಿಡುವುದು ದೊಡ್ಡ ತ್ಯಾಗವೇನಲ್ಲ. ಬೂದಿ ದಿಬ್ಬಗಳಂತೂ ಅದಿರೂ ಅಲ್ಲ, ಅಣೆಕಟ್ಟೆಯೂ ಅಲ್ಲ. ಅವಕ್ಕೆ ಬೇಕಿರುವುದು ಒಂದು ಬೇಲಿ, ಒಂದು ಫಲಕ.

ಯಾರಿಗೆ ಬೇಕು ಇದೆಲ್ಲ ಅನ್ನುವವರಿಗೂ ಒಂದು ಮಾತು. ಬಳ್ಳಾರಿ, ವಿಜಯನಗರ ಎರಡೂ ಬರದ ಜಿಲ್ಲೆಗಳು. ಮಳೆ ಕೈಕೊಟ್ಟ ದಶಕಗಳಲ್ಲಿ ಯಾವ ಬೆಳೆ ಉಳಿಯಿತು, ಯಾವ ಕೆರೆ ಬತ್ತಿತು ಅನ್ನುವ ಸಾವಿರಾರು ವರ್ಷದ ಲೆಕ್ಕ ಕೆಸರಿನಲ್ಲಿ, ಬೂದಿಯಲ್ಲಿ ಬಿದ್ದಿದೆ. ನಮ್ಮ ಮಳೆಮಾಪಕದ ದಾಖಲೆಗೆ ಅಬ್ಬಬ್ಬಾ ಅಂದರೆ ಇನ್ನೂರು ವರ್ಷ. ಮುಂದಿನ ಬರಕ್ಕೆ ಸಿದ್ಧವಾಗಲು ಇನ್ನೂರು ವರ್ಷದ ನೆನಪು ಸಾಕು ಅನ್ನುವ ಧೈರ್ಯ ನನಗಿಲ್ಲ.

ಕಾನೂನಿನ ಕಡೆ ನೋಡಿದರೆ ನಗು ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕರ್ನಾಟಕದಲ್ಲಿ ಗುರುತಿಸಿದ ಭೂಸ್ಮಾರಕಗಳು ನಾಲ್ಕು: ಲಾಲ್‌ಬಾಗಿನ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ, ಕೋಲಾರ ಸೀಮೆಯ ಪೆದ್ದಪಲ್ಲಿ. ಸಂಡೂರಿನ ಒಂದು ಬಂಡೆಯೂ ಪಟ್ಟಿಯಲ್ಲಿಲ್ಲ. 2022ರ ಕೊನೆಯಲ್ಲಿ ಕೇಂದ್ರ ಗಣಿ ಸಚಿವಾಲಯ ಭೂಪರಂಪರೆಯ ರಕ್ಷಣೆಗೆ ಕರಡು ಮಸೂದೆ ಹೊರಡಿಸಿತು. ಗಣಿಗೆ ಅನುಮತಿ ಕೊಡುವ ಸಚಿವಾಲಯವೇ ಬಂಡೆಯನ್ನೂ ಕಾಯುತ್ತದಂತೆ. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟು ಕೆನೆಯ ಲೆಕ್ಕ ಕೇಳಿದ ಹಾಗೆ.

ಹಾಗಂತ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಮಾವಿನಹಣ್ಣಿನ ಲಸ್ಸಿ ಕುಡಿಯುತ್ತ ಕೂರುವಂತಿಲ್ಲ. ಹಂಪಿಗೆ ಪ್ರತಿ ವಾರಾಂತ್ಯ ನುಗ್ಗುವುದು ನಾವೇ. ಮುಂದಿನ ಸಲ ಹೋದಾಗ ನಿಂಬಾಪುರಕ್ಕೆ ಅರ್ಧ ಗಂಟೆ ಕೊಡಿ. ಬಳ್ಳಾರಿ ಮೇಲೆ ಬಂದರೆ ಕುಡತಿನಿಯಲ್ಲಿ ಇಳಿದು ದಿಬ್ಬವನ್ನು ಕಣ್ಣಾರೆ ನೋಡಿ. ಚೂರು ಎತ್ತಿ ಜೇಬಿಗೆ ಹಾಕಿಕೊಳ್ಳಬೇಡಿ, ಇದ್ದಲ್ಲೇ ಫೋಟೋ ತೆಗೆದುಕೊಳ್ಳಿ. ಗೈಡ್ ಲಕ್ಷ ಕೋಟಿ ಅಂದಾಗ ಜಗಳ ಬೇಡ, ನಕ್ಕು “ಯಾವುದರಿಂದ ಅಳೆದರಂತೆ ಅಣ್ಣಾ?” ಅಂತ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಅವರು ತಿಳಿದುಕೊಂಡಿರುತ್ತಾರೆ. ರೀಲು ಮಾಡುವ ಗೆಳೆಯರೇ, ನೀವೂ ಅಷ್ಟೇ: ಸಂಖ್ಯೆಯ ಕೆಳಗೆ ಒಂದು ಸಾಲು ಸೇರಿಸಿ, ಯಾರು ಅಳೆದರು, ಯಾವುದರಿಂದ, ಹೆಚ್ಚುಕಡಿಮೆ ಎಷ್ಟು. ಡ್ರಮ್ಮು ಬೇಕಾದರೆ ಇರಲಿ.